ಅಳಿಯನ ಉಸಿರು

ಕೋಳಿ ಹಿಡಿಯುವುದೇನು ಮಹಾ ವಿದ್ಯೆ ಎಂದು ಮೂಗು ಮುರಿಯುವವರು ಒಂದು ಸಲ ಆ ಶೆಡ್ಡಿನೊಳಗೆ ಹೋಗಿ ಬರಲಿ. ಎಂಟು ಸಾವಿರ ಕೋಳಿ, ಕಾಲಿಡಲು ಜಾಗವಿಲ್ಲ, ಹಿಕ್ಕೆಯ ಘಾಟಿಗೆ ಕಣ್ಣಲ್ಲಿ ದಳದಳ ನೀರು. ಕತ್ತಲೆಯಾದರೆ ಕೋಳಿ ಮಂಕಾಗಿ ಕೂತಲ್ಲೇ ಕೂರುತ್ತದೆ. ಅದಕ್ಕೇ ಹಿಡಿಯುವವರು ಹಗಲಲ್ಲೂ ಸುತ್ತ ಕಪ್ಪು ಪರದೆ ಇಳಿಬಿಟ್ಟು, ಒಂದೇ ಒಂದು ನೀಲಿ ಬಲ್ಬು ಉಳಿಸಿಕೊಂಡು, ಬಗ್ಗಿ ಬಗ್ಗಿ ಕಾಲು ಹಿಡಿದು, ಕೈಗೆ ನಾಲ್ಕರಂತೆ ತಲೆಕೆಳಗಾಗಿ ತಂದು ಬಾಗಿಲ ಬಳಿಯ ಕ್ರೇಟಿಗೆ ತುಂಬುತ್ತಾರೆ. ಗಟ್ಟಿ ಮಾತಿಲ್ಲ, ಬೀಡಿಯಿಲ್ಲ, ಸೀನು ಬಂದರೂ ತೋಳಿಗೆ ಮೂಗು ಒತ್ತಿಕೊಳ್ಳಬೇಕು. ಬಿಳಿ ದೀಪವನ್ನಂತೂ ಯಾರೂ ಮುಟ್ಟುವ ಹಾಗಿಲ್ಲ. ಬೆಳಕು ಬಿತ್ತೋ, ಕೋಳಿಗಳೆಲ್ಲ ದಿಕ್ಕೆಟ್ಟು ಒಂದೇ ಮೂಲೆಗೆ ನುಗ್ಗಿ, ಒಂದರ ಮೇಲೊಂದು ಬಿದ್ದು, ಉಸಿರುಗಟ್ಟಿ ಸಾಯುತ್ತವೆ.

ಈ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವನನ್ನು ಜೊತೆಯವರು ಪಿಸುಮಾವ ಎನ್ನುತ್ತಿದ್ದರು. ಶೆಡ್ಡಿನ ಅಭ್ಯಾಸ ಮೈಗಂಟಿ ಮನೆಯಲ್ಲೂ ಬೀದಿಯಲ್ಲೂ ಅವನದು ಪಿಸುಮಾತೇ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಕಂಡಕ್ಟರು ಏನೋ ಗುಟ್ಟಿರಬೇಕೆಂದು ಕಿವಿ ಹತ್ತಿರ ತರುತ್ತಿದ್ದ. ಹೆಂಡತಿ ಬದುಕಿದ್ದಾಗ, ಇವರು ರೇಗಿದರೆ ಕಾಲಡಿ ಮಲಗಿರುವ ಬೆಕ್ಕೂ ಏಳುವುದಿಲ್ಲ ಎಂದು ಆಡಿಕೊಳ್ಳುತ್ತಿದ್ದಳು.

ಅಳಿಯನನ್ನು ಗುಂಪಿಗೆ ಸೇರಿಸಿದವನೂ ಇವನೇ. ಮಗಳು ಬೇಡವೆಂದಳು, ಇವನು ನಾನಿಲ್ಲವೇ ಎಂದ. ಎರಡನೆಯ ವರ್ಷಕ್ಕೆ ಅಳಿಯನಿಗೆ ದಮ್ಮು ಹಿಡಿಯಿತು. ಕೋಳಿಯ ಧೂಳು ಬಿಡದಿದ್ದರೆ ಒಂದು ದಿನ ಎಳೆದ ಉಸಿರು ಹೊರಗೆ ಬರುವುದಿಲ್ಲ ಎಂದು ಡಾಕ್ಟರಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವ ಮೊದಲೇ ಅಳಿಯ ಮಾವನ ಎರಡೂ ಕೈ ಹಿಡಿದುಕೊಂಡ. ಹೆಂಡತಿಗೆ ಏಳು ತಿಂಗಳು, ಅವಳಿಗೆ ಹೇಳಬೇಡಿ; ಗುಂಪಿನ ಮೇಸ್ತ್ರಿಗೆ ಬೇಡವೇ ಬೇಡ, ದಮ್ಮಿನವನನ್ನು ಅವನು ಒಂದು ಗಳಿಗೆಯೂ ಇಟ್ಟುಕೊಳ್ಳುವುದಿಲ್ಲ; ಹೆರಿಗೆಯಾಗಲಿ, ಬೇರೆ ಕೆಲಸ ಹುಡುಕಿಕೊಳ್ಳುತ್ತೇನೆ ಎಂದು ಗೋಗರೆದ. ಈ ಪುಣ್ಯಾತ್ಮ ಹೂಂ ಎಂದುಬಿಟ್ಟ.

ಹೂಂ ಎಂದದ್ದಕ್ಕೆ ಅಂದಿನಿಂದ ಅವನ ಜೀವ ಕೈಯಲ್ಲಿತ್ತು. ನೀಲಿ ಬೆಳಕಿನಲ್ಲಿ ಮನುಷ್ಯರೆಲ್ಲ ಒಂದೇ ಥರ ಕಾಣುತ್ತಾರೆ. ಯಾರು ಯಾರೆಂದು ತಿಳಿಯುವುದಿಲ್ಲ. ಹಾಗಾಗಿ ಅವನು ಅಳಿಯನನ್ನು ಕಿವಿಯಿಂದ ಕಾಯತೊಡಗಿದ. ಕೋಳಿಗಳ ಕೊರಕೊರ ಸದ್ದಿನ ನಡುವೆ ಅಳಿಯನ ಎದೆಯ ಸುಂಯ್ ಎಂಬ ಎಳೆತ ಎಡಗಡೆ ಗೋಡೆಯ ಗುಂಟ ಹೋಗುತ್ತಿತ್ತು, ಬರುತ್ತಿತ್ತು. ಅದು ಜೋರಾದರೆ ಇವನಿಗೆ ಹೆದರಿಕೆ, ಸಣ್ಣಗಾದರೆ ಇನ್ನೂ ಹೆದರಿಕೆ. ಹಿಡಿದ ಕೋಳಿಯ ಲೆಕ್ಕ ತಪ್ಪಿ ಎಷ್ಟೋ ಸಲ ಬೈಸಿಕೊಂಡ. ವಯಸ್ಸಾಯಿತು ಮಾವನಿಗೆ ಎಂದು ಜೊತೆಯವರು ನಕ್ಕರೆ ತಾನೂ ನಕ್ಕ.

ಆ ಮಧ್ಯಾಹ್ನ ಗಾಳಿ ಒಂದಿಷ್ಟೂ ಆಡುತ್ತಿರಲಿಲ್ಲ. ಪರದೆಯೊಳಗೆ ಬೇಯುವಂಥ ಸೆಕೆ. ಅರ್ಧ ಶೆಡ್ಡು ಖಾಲಿಯಾಗಿತ್ತು. ಕೈತುಂಬ ಕೋಳಿ ಹಿಡಿದು ಬಾಗಿಲ ಕಡೆ ತಿರುಗಿದವನಿಗೆ ಏನೋ ಕಡಿಮೆಯಾದಂತೆ ಅನಿಸಿತು. ನಿಂತು ಕೇಳಿದ. ಸುಂಯ್ ಎನ್ನುವುದು ಇಲ್ಲ.

ಕ್ರೇಟಿನ ಹತ್ತಿರ ಇರಬಹುದು ಎಂದು ಅಲ್ಲಿಗೆ ಹೋದ. ಇರಲಿಲ್ಲ. ಎಡಗೋಡೆಯ ಗುಂಟ ಬಂದ. ಇರಲಿಲ್ಲ. ಕೋಳಿಗಳನ್ನು ಕೆಳಗೆ ಬಿಟ್ಟು ಮಂಡಿಯೂರಿ ನೆಲಕ್ಕೆ ಹಾಸಿದ್ದ ಹೊಟ್ಟಿನ ಮೇಲೆ ಕೈಯಾಡಿಸುತ್ತ ತೆವಳಿದ. ಬೆಚ್ಚಗಿನ ಮೈಗಳು ಸಿಕ್ಕವು, ಎಲ್ಲವೂ ಕೋಳಿಯವು. ಕೂಗಲು ಬಾಯಿ ತೆರೆದ. ಇಪ್ಪತ್ತೆರಡು ವರ್ಷ ಏರದ ಗಂಟಲು ಆಗಲೂ ಏರಲಿಲ್ಲ. ಅವನ ಪಿಸುಮಾತು ಅವನ ಕಿವಿಗೇ ಬೀಳಲಿಲ್ಲ. ಏಳು ತಿಂಗಳ ಹೊಟ್ಟೆ ಹೊತ್ತು ಬಾಗಿಲಿಗೆ ಬರುವ ಮಗಳು ಕಣ್ಣೆದುರು ನಿಂತಳು. ಎದ್ದವನೇ ಗೋಡೆ ತಡವಿ ಬಿಳಿ ದೀಪ ಹಾಕಿಬಿಟ್ಟ.

ಇಡೀ ನೆಲವೇ ಎದ್ದು ಓಡಿದಂತೆ ಕೋಳಿಗಳು ಹಿಂದಿನ ಮೂಲೆಗೆ ನುಗ್ಗಿದವು. ಸೊಂಟದೆತ್ತರದ ರಾಶಿ, ಒಬ್ಬರಿಗೊಬ್ಬರು ಕಾಣದಷ್ಟು ಧೂಳು. ಆಗ ಹಿಂದಿನ ಪರದೆ ಮೇಲೆದ್ದು ಅಳಿಯ ಒಳಗೆ ಓಡಿಬಂದ. ಬಾಯಿಗೆ ದಮ್ಮಿನ ಔಷಧಿಯ ಪಂಪು ಒತ್ತಿಕೊಳ್ಳಲು ಯಾರಿಗೂ ಕಾಣದಂತೆ ಪರದೆಯಡಿ ನುಸುಳಿ ಹೊರಗೆ ಹೋಗಿದ್ದನಷ್ಟೆ. ಮಾವ ಬೇಡ ಬೇಡ ಎಂದು ಕೈಬೀಸುತ್ತಿದ್ದಂತೆ ಅವನು ನೇರ ರಾಶಿಗೆ ನುಗ್ಗಿ, ಕೋಳಿಗಳನ್ನು ಬಾಚಿ ಬಾಚಿ ಹಿಂದಕ್ಕೆ ಎಸೆಯತೊಡಗಿದ. ಕೋಳಿ ಸತ್ತರೆ ಕೆಲಸ ಹೋಗುತ್ತದೆಂಬ ಭಯ ಅವನಿಗೆ. ಹತ್ತು ಸಲ ಬಾಚಿರಬೇಕು, ಅಲ್ಲೇ ಕುಸಿದ. ತುಟಿ ನೇರಳೆಯಾಗಿತ್ತು, ಕತ್ತಿನ ನರ ಹಗ್ಗದಂತೆ ಬಿಗಿದಿತ್ತು, ಬಾಯಿ ತೆರೆದೇ ಇದ್ದರೂ ಗಾಳಿ ಹೋಗುತ್ತಿರಲಿಲ್ಲ.

ಮಾವ ಅವನ ಕಂಕುಳಿಗೆ ಕೈ ಕೊಟ್ಟು ಹೊರಗೆಳೆದ. ಜೇಬು ತಡಕಿ ಪಂಪು ತೆಗೆದು ಬಾಯಿಗಿಟ್ಟು ಒತ್ತಿದ, ಮತ್ತೆ ಒತ್ತಿದ. ಬಹಳ ಹೊತ್ತಾದ ಮೇಲೆ ಎದೆ ಒಮ್ಮೆ ಏರಿ ಇಳಿಯಿತು. ಕೋಳಿ ಎಷ್ಟು ಸತ್ತವೆಂದು ಒಳಗೆ ಯಾರೋ ಹೇಳುತ್ತಿದ್ದರು. ಇವನಿಗೆ ಅದು ಬೇಕಾಗಿರಲಿಲ್ಲ.

ಮೇಸ್ತ್ರಿ ಬಂದು ನಿಂತ. ಪಂಪು ಅಳಿಯನ ಮುಷ್ಟಿಯೊಳಗೆ ಆಗಲೇ ಮಾಯವಾಗಿತ್ತು. ಧೂಳು ಗಂಟಲಿಗೆ ಸಿಕ್ಕಿತಷ್ಟೆ ಎಂದು ಅವನು ತಡವರಿಸಿದ. ದೀಪ ಹಾಕಿದವರು ಯಾರೆಂದು ಮೇಸ್ತ್ರಿ ಕೇಳಿದ. ಅಳಿಯ ಮಾವನನ್ನೇ ನೋಡುತ್ತಿದ್ದ, ಆಸ್ಪತ್ರೆಯ ಮೆಟ್ಟಿಲ ಮೇಲೆ ನೋಡಿದಂತೆ.

"ನಾನೇ ಹಾಕಿದ್ದು," ಎಂದ ಮಾವ. "ಅವನಿಗೆ ದಮ್ಮು ಇದೆ. ಇಷ್ಟು ದಿನ ಮುಚ್ಚಿಟ್ಟಿದ್ವಿ. ನಿಮ್ಮ ದಮ್ಮಯ್ಯ, ಇನ್ಮೇಲೆ ಅವನನ್ನ ಯಾವ ಶೆಡ್ಡಿಗೂ ಬಿಡ್ಬೇಡಿ."

ಮೇಸ್ತ್ರಿ ಇಬ್ಬರನ್ನೂ ನಾಳೆಯಿಂದ ಬರಬೇಡಿ ಎಂದ. ಸುತ್ತಮುತ್ತಲ ಎಲ್ಲ ಗುಂಪಿಗೂ ಹೇಳಿಡುತ್ತೇನೆ ಎಂದೂ ಸೇರಿಸಿದ.

ಬಸ್ಸಿಗೆ ಕಾಯುವ ಕಟ್ಟೆಯ ಮೇಲೆ ಇಬ್ಬರೂ ಕೂತರು, ನಡುವೆ ಒಂದಾಳು ಕೂರುವಷ್ಟು ಜಾಗ ಬಿಟ್ಟು. ಮಗಳಿಗೆ ಏನು ಹೇಳಲಿ ಎಂದು ಮಾವ ಯೋಚಿಸುತ್ತಿದ್ದ. ಅಳಿಯ ಕೊನೆಗೂ ಅವನ ಕಡೆ ತಿರುಗಿದ.

"ಎರಡು ತಿಂಗಳು ಸುಮ್ನಿದ್ರೆ ಸಾಕಿತ್ತು. ನನ್ನ ಹೊಟ್ಟೆ ಮೇಲೆ ಹೊಡೆದ್ರಿ ಮಾವ. ನಿಮ್ಮ ಮುಖ ನೋಡೋಕೂ ಮನಸ್ಸಿಲ್ಲ."

ಅಷ್ಟು ಹೇಳುವುದರೊಳಗೆ ಅವನು ಮೂರು ಸಲ ನಿಲ್ಲಿಸಿ ಉಸಿರೆಳೆದುಕೊಂಡ. ಮೂರು ಸಲವೂ ಉಸಿರು ಹೊರಗೆ ಬಂತು. ಬಯ್ಯಲಿ, ಇನ್ನೂ ಬಯ್ಯಲಿ ಎಂದುಕೊಂಡು ಮಾವ ತಲೆ ತಗ್ಗಿಸಿ ಕೇಳುತ್ತ ಕೂತ.