ಎಂಜಿನ್ನಿನ ನಾಡಿ

ಎಂಬತ್ತರ ದಶಕದ ಹೊನ್ನಾಳಿಯಲ್ಲಿ ನಮ್ಮ ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ತುದಿಯನ್ನು ಓಡುವ ಎಂಜಿನ್ನಿಗೆ ಮುಟ್ಟಿಸಿ, "ತಡೀರಿ, ಅದೇನಂತೈತೆ ಕೇಳಾಣ" ಎನ್ನುತ್ತಿದ್ದರು.

ನನ್ನ ಡಾಕ್ಟರ್ ಗಂಡನಿಗೆ ಸ್ಪೀಡಿನ ಹುಚ್ಚು. ಮೈದುನ ಫಾರಿನ್ನಿಂದ ತಂದ ಟರ್ಬೊ ಕಾರು ಸಾಲದೆಂದು, ಆಪರೇಷನ್ನಿನಲ್ಲಿ ಮಂಪರಿಗೆ ಕೊಡುವ ನೈಟ್ರಸ್ ಗ್ಯಾಸ್ ಎಂಜಿನ್ನಿನ ವೇಗವನ್ನೂ ಹೆಚ್ಚಿಸುತ್ತದೆ, ಅದನ್ನೂ ಜೋಡಿಸಿ ಎಂದು ಸಿಲಿಂಡರನ್ನೇ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೊತ್ತು ತಂದರು. ಅದೇ ಕಾರಿನಲ್ಲಿ ನಾನು ದಿನವೂ ಮಕ್ಕಳನ್ನು ಸ್ಕೂಲಿಗೆ ಬಿಡುತ್ತಿದ್ದೆ. ಅವತ್ತು ನಾನೂ ಜೊತೆಗೆ ಬಂದಿದ್ದೆ.

ಮೆಕ್ಯಾನಿಕ್ ಓಡುವ ಎಂಜಿನ್ನಿಗೆ ಸ್ಕ್ರೂಡ್ರೈವರ್ ಇಟ್ಟು ಬಹಳ ಹೊತ್ತು ಆಲಿಸಿದರು. "ಜೋಡ್ಸಾಕೆ ಬರತೈತ್ರಿ, ಡಾಕ್ಟ್ರೇ; ಹೆಚ್ಚುಕಮ್ಮಿಯಾದ್ರೆ ಎಂಜಿನ್ನೇ ಒಡೀತೈತೆ. ಪೇಷಂಟಿಗೆ ಈ ಗ್ಯಾಸ್ ಕೊಟ್ಟಾಗ ನಾಡಿ ಹಿಡ್ಕಂಡು ಯಾರು ಕೂರ್ತಾರೆ?"

"ನಾನೇ."

"ಅಮ್ಮಾರು ಮಕ್ಕಳನ್ನ ಕರ್ಕಂಡು ಹೋಗುವಾಗ ಇದರ ನಾಡಿ ಯಾರು ಹಿಡೀತಾರೆ?"

ಸ್ಕ್ರೂಡ್ರೈವರನ್ನು ಇವರ ಕೈಗೆ ಕೊಟ್ಟರು. ನನ್ನ ಡಾಕ್ಟರ್ ಬಗ್ಗಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಕಾರಿನ ಕೀ ನನಗೆ ಕೊಟ್ಟು, ಸಿಲಿಂಡರ್ ಹೊತ್ತು ಆಸ್ಪತ್ರೆಗೆ ನಡೆದೇ ಹೋದರು.