ಬಾಣಂತಿ ದಾಟಿದ ಬಾಗಿಲು

ನಿನ್ನೆ ಮಳೆ ನಿಂತ ಮೇಲೆ ತಾರಸಿಗೆ ಹೋದರೆ, ಅಂಜೂರದ ಗಿಡಕ್ಕೆ ಹೊದಿಸಿದ ಹಳೆಯ ಮೀನಿನ ಬಲೆಯಿಂದ ಉಪ್ಪುಪ್ಪು ವಾಸನೆ ಬಂತು. ಇದು ಸಮುದ್ರದ ವಾಸನೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತೇನೆ. ಬಳ್ಳಾರಿಯ ಬಿಸಿಲು ಬಿಟ್ಟು ಹೊರಗೆ ಹೋಗದ ನಾನು ಸಮುದ್ರವನ್ನು ಕಂಡೇ ಇಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಬಲೆ ಕುರುಗೋಡಿನ ನಮ್ಮ ಚಿಗವ್ವನದು, ಅವ್ವನ ತಂಗಿಯದು. ಆಕೆಯ ಹಿತ್ತಲ ಅಂಜೂರದ ಮೊದಲ ಬುಟ್ಟಿ ಮಠಕ್ಕೆ ಹೋಗಬೇಕು, ಅದು ಹರಕೆ. ಗಿಣಿಗಳಿಗೆ ಹರಕೆಯ ಚಿಂತೆ ಇರಲಿಲ್ಲ. ಅದಕ್ಕೇ ಆಂಧ್ರದ ಕರಾವಳಿಯಿಂದ ಹಳೆಯ ಬಲೆ ಮಾರುತ್ತ ಬಂದವನನ್ನು ಚಿಗವ್ವ ನಿಲ್ಲಿಸಿದಳು. ನಮ್ಮದೋ ಲಿಂಗ ಕಟ್ಟಿಕೊಂಡ ಮನೆ, ಮೊಟ್ಟೆಯ ಸಿಪ್ಪೆ ಕಂಡರೂ ಸುತ್ತು ಹಾಕಿ ನಡೆಯುವ ಜನ. ಅಂಥ ಮನೆಗೆ ಮೀನಿನ ಬಲೆ! ಅರಿಸಿನದ ನೀರಲ್ಲಿ ಅದ್ದಿ, ವಿಭೂತಿ ಹಚ್ಚಿದರಾಯಿತು ಎಂದಳು. ಬಿಚ್ಚಿ ನೋಡಿದರೆ ನಡುವೆ ದೊಡ್ಡ ತೂತು.

"ಗಿಣಿ ಬರಾಕ ಬಾಗ್ಲಾ ಏನೋ ಇದು?"

"ನಾವ ಕೊಯ್ದಿದ್ದಮ್ಮಾ. ಡಾಲ್ಫಿನ್ ಸಿಕ್ಕೊಂಡಿತ್ತು. ಉಸುರಿಗೆ ಅದು ನೀರಿನ ಮ್ಯಾಲ ಬರಬೇಕು, ಇಲ್ಲಾಂದ್ರ ಬಲೆಯಾಗ ಉಸುರು ಕಟ್ಟಿ ಸಾಯ್ತದ. ಪಕ್ಕದಾಗ ಹಾಲು ಕುಡಿಯೋ ಮರಿ ಬ್ಯಾರೆ ಇತ್ತು."

"ಮೀನು ಹಾಲು ಕುಡಿಸ್ತಾವೇನೋ?"

"ಮೀನಲ್ಲಮ್ಮಾ ಅದು. ನಮ್ಮಂಗ ಹಡಿಯೋ ಜೀವ."

ಚಿಗವ್ವ ಚೌಕಾಸಿಯನ್ನೇ ಮರೆತಳು. ಅವನು ಹೋದ ಮೇಲೆ, ಅಲ್ಲೇ ಇದ್ದ ನಾನು ತೂತು ಹೊಲಿಯಲು ಸೂಜಿ ಹಿಡಿದು ಹೋದೆ. "ಮುಟ್ಟಬ್ಯಾಡಲೇ," ಎಂದಳು. "ಬಾಣಂತಿ ದಾಟಿ ಹೋದ ಬಾಗ್ಲ ಐತಿ. ಮುಚ್ಚಾಕ ನಾವ್ಯಾರು?"

ಆ ಬಾಗಿಲಿನಿಂದಲೇ ಗಿಣಿಗಳು ಬಂದವು. ಆ ವರ್ಷ ಮಠಕ್ಕೆ ಹೋದದ್ದು ಅರ್ಧ ಬುಟ್ಟಿ. ಚಿಗವ್ವ ಒಳಗೊಳಗೇ ನೊಂದುಕೊಂಡಳು, ತೂತನ್ನು ಮಾತ್ರ ಮುಚ್ಚಲಿಲ್ಲ.

ಬಲೆಯ ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ ನೋಡಿ. ಒಮ್ಮೆ ಸಿರುಗುಪ್ಪದ ಹೊಳೆದಂಡೆಯಲ್ಲಿ ಒಬ್ಬಾತ ಪೂಜೆಯ ಹೂವನ್ನು ಪ್ಲಾಸ್ಟಿಕ್ ಚೀಲದ ಸಮೇತ ನೀರಿಗೆ ಎಸೆದ. "ಏ ತಮ್ಮಾ, ಈ ನೀರು ಸಮುದ್ರಕ್ಕ ಹೋಗತೈತಿ. ಅಲ್ಲಿ ಬಾಣಂತೇರು ಅದಾರ!" ಎಂದು ಚಿಗವ್ವ ಕೂಗಿದಳು. ಆತ ಹೆರಿಗೆ ಆಸ್ಪತ್ರೆ ಹುಡುಕುವವನಂತೆ ಸುತ್ತಲೂ ನೋಡಿದ. ನಾನು ಆಕೆಯ ಪರಿಚಯವೇ ಇಲ್ಲದವನಂತೆ ಚಹಾದಂಗಡಿಯತ್ತ ನಡೆದೆ.

ಆಮೇಲೆ ಚಿಗವ್ವ ಆ ಬಲೆಯನ್ನು ನನಗೇ ಕೊಟ್ಟಳು, ತನ್ನ ಗಿಡದ ಟೊಂಗೆಯೊಂದಿಗೆ. ಡ್ರಮ್ಮಿನಲ್ಲಿ ನೆಟ್ಟ ಆ ಟೊಂಗೆ ಗಿಡವಾಗಿ ಈ ಸಲ ಮೊದಲ ಫಲ ಬಿಟ್ಟಿತು. "ಇರೋದ ನಾಕು ಹಣ್ಣು, ಆ ತೂತು ಹೊಲಿರಿ," ಎಂದಳು ಹೆಂಡತಿ. ಕೌಲ್ ಬಜಾರಿನ ಜೀನ್ಸ್ ಹೊಲಿಯುವವರ ಹತ್ತಿರ ಗಟ್ಟಿ ದಾರ ತಂದು, ಇವತ್ತು ಬೆಳಿಗ್ಗೆ ಸೂಜಿ, ಕತ್ತರಿ ಹಿಡಿದು ಮೇಲೆ ಹೋದೆ. ತೂತಿನಿಂದ ಒಳಗೆ ಬಂದ ಗಿಣಿಯೊಂದು ಆಚೆ ಬದಿಯಲ್ಲಿ ಕುತ್ತಿಗೆ ಸಿಕ್ಕಿಸಿಕೊಂಡು, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು. ಎಳೆ ಬಿಡಿಸುವಷ್ಟು ಹೊತ್ತಿರಲಿಲ್ಲ. ಕತ್ತರಿಸಿದೆ. ಅದು ನನ್ನ ಬೆರಳು ಕಚ್ಚಿ ಹಾರಿತು.

ಚಿಗವ್ವನಿಗೆ ಫೋನ್ ಮಾಡಿದೆ. ಬಲೆಗೆ ಇನ್ನೊಂದು ತೂತಾಯಿತು ಎಂದೆ, ನಡೆದದ್ದು ಹೇಳಿದೆ. ಬೈಗುಳ ಬರಲಿಲ್ಲ.

"ಚಲೋ ಆತು, ನೀ ಹೋಗಿದ್ದಿ," ಎಂದಳು. ಆಮೇಲೆ, "ಸಮುದ್ರದಾಗ ಹರಿದ ಬಲೆ ಹಂಗ ಬಿಟ್ಟು ಬರ್ತಾರಂತ, ಟಿವಿಯಾಗ ತೋರ್ಸಿದ್ರು. ಅಲ್ಲಿಗೆ ಕತ್ತರಿ ಹಿಡಕೊಂಡು ಯಾರು ಹೋಗ್ತಾರಲೇ?" ಎಂದಳು.

ಫೋನ್ ಇಟ್ಟು ಮತ್ತೆ ಗಿಡದ ಹತ್ತಿರ ಹೋದೆ. ಬಲೆಯನ್ನು ಗಿಡದಿಂದ ಇಳಿಸಿ ಮಡಿಚಿಟ್ಟೆ. ಹೆಂಡತಿಗೆ ಒಂದು ಹಣ್ಣು ಕೊಟ್ಟೆ, ಉಳಿದವು ಗಿಡದಲ್ಲೇ ಇವೆ.