ಬಲಕ್ಕೆ ತಿರುಗಿದರೆ ಎಡಗಾಲು

ಹೋದ ವಾರ ನಿಮ್ಮಪ್ಪ ಗ್ಯಾರೇಜಿನಲ್ಲಿದ್ದ ಹಳೆಯ ಫ್ರೀಜರನ್ನು ಯಾರಿಗೋ ಕೊಟ್ಟುಬಿಟ್ಟ. ಅದನ್ನು ಎಳೆದ ಜಾಗ ಗುಡಿಸಲು ಹೋದಾಗ ಸಿಮೆಂಟ್ ನೆಲಕ್ಕೆ ಅಂಟಿದ್ದ ಎರಡು ಹಳದಿ ಟೇಪಿನ ತುಂಡುಗಳು ಕಂಡವು. ಒಂದರ ಮೇಲೆ 'ಎ', ಇನ್ನೊಂದರ ಮೇಲೆ 'ಬ'. ನನ್ನದೇ ಅಕ್ಷರ. ಎಡ, ಬಲ. ಕಸಬರಿಗೆ ಹಿಡಿದು ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ... "ಅಜ್ಜಿ, ವಾಟ್ಸ್ ದಟ್?" ಎಂದು ನಿಮ್ಮಲ್ಲಿ ಚಿಕ್ಕವಳು ಕೇಳಿದಳು. ಏನೂ ಇಲ್ಲ ಎಂದುಬಿಟ್ಟೆ. ಬಾಯಿಬಿಟ್ಟು ಹೇಳುವುದು ನನಗೆ ಎಂದೂ ಬಂದಿಲ್ಲ. ಬರೆದಿಟ್ಟರೆ ನಿಮ್ಮಮ್ಮ ನಿಮಗೆ ಓದಿ ಹೇಳಿಯಾಳು.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಾನು ಊರು ಬಿಟ್ಟು ಈ ಪರದೇಶಕ್ಕೆ, ಮಗನ ಮನೆಗೆ ಬಂದೆ. ಎರಡು ಸಾವಿರದ ಐದೋ ಆರೋ ಇರಬೇಕು. ದೊಡ್ಡವನು ಆಗಿನ್ನೂ ಕೂಸು, ಚಿಕ್ಕವಳು ಹುಟ್ಟಿರಲಿಲ್ಲ. ಹ್ಯಾಮಿಲ್ಟನ್ ಊರಿನ ಅಂಚಿನ ಈ ರೊಟೊಟೂನದಲ್ಲಿ ಆಗ ಅರ್ಧ ಹೊಸ ಮನೆಗಳು, ಇನ್ನರ್ಧ ದನ ಮೇಯುವ ಬಯಲು. ನಾನು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು. ಯಾರಾದರೂ ಮಾತಾಡಿಸಿದರೆ ತಲೆ ತಗ್ಗಿಸಿಬಿಡುತ್ತಿದ್ದೆ. ಹಾಗಾಗಿ ಆಗಿನ ದಿನಗಳ ಮಂದಿಯ ಮುಖಕ್ಕಿಂತ ಅವರ ಕಾಲುಗಳೇ ನನಗೆ ಹೆಚ್ಚು ನೆನಪಿವೆ.

ಅದೇ ವರ್ಷ ಗ್ಯಾರೇಜಿನ ಪಕ್ಕದ ಕಡೇ ಕೋಣೆಗೆ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ವಿಜಾಪುರದ ಕಡೆಯವಳು, ಮುಸಲ್ಮಾನರ ಮನೆಯ ಮಗಳು. ಅಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿ ಮಾಡುವವರು. ಆಕೆ ವಿಮಾನ ನಡೆಸುವುದನ್ನು ಕಲಿಯಲು ಹ್ಯಾಮಿಲ್ಟನ್ನಿಗೆ ಬಂದಿದ್ದಳು. ನಮ್ಮ ಪಾತ್ರೆ ಬೇರೆ, ಆಕೆಯ ಪಾತ್ರೆ ಬೇರೆ ಎಂದು ಮೊದಲ ತಿಂಗಳು ನಾನೇ ಕಪಾಟಿನಲ್ಲಿ ಬೇರೆ ಬೇರೆ ಇಟ್ಟಿದ್ದೆ. ಯಾವಾಗ ಎಲ್ಲ ಒಂದಾದವೋ ನೆನಪಿಲ್ಲ. ಮನೆತುಂಬ ಇಂಗ್ಲಿಷ್ ಕೇಳುತ್ತಿದ್ದ ನನಗೆ ಆಕೆಯ "ಏನ್ ಮಾಡಾಕತ್ತೀರಿ ಅವ್ವಾರ?" ಎನ್ನುವ ಒಂದು ಮಾತು ಸಾಕಾಗಿತ್ತು.

ಒಂದು ದಿನ ಊಟಕ್ಕೆ ಕೂತಾಗ ಆಕೆ ಹೇಳಿದಳು, "ನಾಳಿಂದ ನಮಗ ಬೀಳೋದು ಕಲಸ್ತಾರ ರೀ."

"ಹಾರೋದು ಕಲಿಯಾಕ ಬಂದೀಯೋ, ಬೀಳೋದು ಕಲಿಯಾಕ ಬಂದೀಯೋ?" ಎಂದೆ.

"ಎರಡೂ ರೀ. ಬಿದ್ದು ಏಳೋದು ಬರಲಿಲ್ಲಂದ್ರ ಒಬ್ಬಾಕಿನ್ನ ಹಾರಾಕ ಬಿಡಂಗಿಲ್ಲ."

"ನೀನೂ ಕಲಿ ಅವ್ವಾ," ಎಂದ ನಿಮ್ಮಪ್ಪ. "ಮೊನ್ನೆ ಎಸ್ಕಲೇಟರ್ ಮ್ಯಾಲ ಬಿದ್ದು ಅರ್ಧ ಮಾಲ್ ಕೂಡಿಸಿದ್ದಿ."

ಆಕೆ ಅಂಗೈಯನ್ನೇ ವಿಮಾನ ಮಾಡಿಕೊಂಡು ತೋರಿಸಿದಳು. ಮೂತಿ ಮೇಲಕ್ಕೆತ್ತುತ್ತ ಹೋದರೆ ವೇಗ ಇಳಿದು, ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತದೆ. ಅದು ಸ್ಟಾಲ್. ಆಗ ಒಂದು ರೆಕ್ಕೆ ಮೊದಲು ಜಾರಿದರೆ ವಿಮಾನ ಬುಗುರಿಯ ಹಾಗೆ ಗರಗರ ತಿರುಗುತ್ತ ಕೆಳಗೆ ಬೀಳುತ್ತದೆ. ಅದು ಸ್ಪಿನ್. ಅದರಿಂದ ಪಾರಾಗಲು ಇಂಜಿನ್ ತಗ್ಗಿಸಬೇಕು, ತಿರುಗುವ ದಿಕ್ಕಿಗೆ ವಿರುದ್ಧವಾದ ಕಾಲಿನಿಂದ ಪೆಡಲ್ ಒತ್ತಬೇಕು, ಕೈಯಲ್ಲಿನ ಕೋಲನ್ನು ಮುಂದಕ್ಕೆ ನೂಕಬೇಕು. ಮುಂದಕ್ಕೆ ನೂಕಿದರೆ ಮೂತಿ ಇನ್ನೂ ಕೆಳಗಾಗುತ್ತದೆ.

"ಮೊದಲ ಬೀಳಾಕತ್ತಿರತೈತಿ, ಮತ್ತ ಕೆಳಗ ಒತ್ತಬೇಕಾ?"

"ಹೂಂ ರೀ. ಹೆದರಿ ಜಗ್ಗಿದ್ರ ಮುಗೀತು."

ನನಗೆ ತಲೆ ಕೆಟ್ಟುಹೋಯಿತು. ಬೀಳುವ ವಸ್ತುವನ್ನು ಎತ್ತಬೇಕಲ್ಲದೆ ಒತ್ತುವುದೆಂದರೇನು? ಚೆನ್ನಾಗಿ ಹೋಗುತ್ತಿರುವುದನ್ನು ಬೇಕೆಂತಲೇ ಬೀಳಿಸುವುದೆಂದರೇನು? ಕೇಳಿದರೆ ಎಲ್ಲರೂ ನಕ್ಕಾರೆಂದು ಆಕೆಯ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ನನಗೆ ಈಗಲೂ ಅದು ಪೂರ್ತಿ ತಿಳಿದಿಲ್ಲ.

ಆ ವಾರ ಆಕೆ ಎರಡು ಸಲ ಸ್ಪಿನ್ನಿಗೆ ಹೋಗಿ ಬಂದಳು. ಎರಡೂ ಸಲ ಊಟ ಬಿಟ್ಟಳು. ವಿಮಾನ ಎಡಕ್ಕೆ ತಿರುಗಿ ಬಿದ್ದರೆ ಸರಾಗವಾಗಿ ನಿಲ್ಲಿಸುತ್ತಿದ್ದಳಂತೆ. ಬಲಕ್ಕೆ ತಿರುಗಿದರೆ ಮಾತ್ರ ಏನು ಮಾಡಿದರೂ ಅದು ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಮಾಸ್ತರು ತಾವೇ ಕೈಹಾಕಿ ಉಳಿಸಬೇಕಾಗುತ್ತಿತ್ತು. ಎಡಕ್ಕೆ ಬರುವುದು ಬಲಕ್ಕೆ ಯಾಕೆ ಬರುವುದಿಲ್ಲ ಎಂದು ಆ ಬಿಳಿಯ ಮಾಸ್ತರಿಗೂ ಗೊತ್ತಾಗಲಿಲ್ಲ. ಗುರುವಾರ ಇನ್ನೊಂದು ಸಲ ನೋಡೋಣ, ಆಗಲೂ ಆಗದಿದ್ದರೆ ಈ ಕೆಲಸ ನಿನ್ನದಲ್ಲ, ಊರಿಗೆ ಹೋಗುವುದೇ ಒಳ್ಳೆಯದು ಎಂದರಂತೆ. ಆ ಸಂಜೆ ಆಕೆ ಫೋನಿನಲ್ಲಿ ಅಪ್ಪನ ಜೊತೆ ಉರ್ದುವಿನಲ್ಲಿ ನಗುನಗುತ್ತ ಮಾತಾಡಿದಳು. ಫೋನಿಟ್ಟು ಗ್ಯಾರೇಜಿಗೆ ಹೋಗಿ ಕತ್ತಲಲ್ಲಿ ಕೂತಳು. ದೀಪ ಹಾಕಿದವಳು ನಾನು.

"ಅವ್ವಾರ, ನೀವು ನಮ್ಮ ಸರ್ ಆಗ್ರಿ," ಎಂದಳು.

ಪ್ಲಾಸ್ಟಿಕ್ ಕುರ್ಚಿಯೇ ವಿಮಾನ. ಮೊಣಕಾಲುಗಳ ನಡುವೆ ನಿಲ್ಲಿಸಿದ ಕಸಬರಿಗೆಯ ಹಿಡಿಕೆಯೇ ಕೋಲು. ನೆಲದ ಮೇಲೆ ಟೇಪಿನ ಎರಡು ಪೆಡಲ್. ನಾನು ಎದುರಿಗೆ ಮಣೆ ಹಾಕಿ ಅವರೆಕಾಯಿ ಸುಲಿಯುತ್ತ ಕೂತು, ಒಮ್ಮೆ "ಎಡಕ್ಕ ತಿರುಗ್ತು", ಒಮ್ಮೆ "ಬಲಕ್ಕ ತಿರುಗ್ತು" ಎನ್ನಬೇಕು. ಆಕೆ ತಕ್ಷಣ ವಿರುದ್ಧ ಕಾಲು ಒತ್ತಬೇಕು. ಎದುರು ಕೂತವಳಿಗೆ ಆಕೆಯ ಎಡ ನನ್ನ ಬಲ. ನನಗೆ ಗೊಂದಲವಾಗುತ್ತದೆಂದು ಟೇಪಿನ ಮೇಲೆ 'ಎ', 'ಬ' ಬರೆದುಕೊಂಡೆ.

"ಜೋರಾಗಿ ಹೇಳ್ರಿ. ಅಲ್ಲಿ ಇಂಜಿನ್ ಸಪ್ಪಳ ಇರತೈತಿ."

"ಆಜೂಬಾಜೂ ಮಂದಿ ಏನಂದಾರು?"

"ಅವರಿಗೆ ಕನ್ನಡ ಬರಂಗಿಲ್ಲ. ಚೀರ್ರಿ!"

ನನ್ನ ಜೀವಮಾನದಲ್ಲಿ ನಾನು ಹಾಗೆ ಚೀರಿದ್ದು ಅದೇ ಮೊದಲು. ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ಇಣುಕಿ, ಎಲ್ಲ ಸರಿಯಿದೆಯೇ ಎಂದು ಕೇಳಿದ. ನಾನು ಅವರೆಕಾಯಿಯ ಬುಟ್ಟಿಯೊಂದಿಗೆ ಬಾಗಿಲ ಹಿಂದೆ ಅಡಗಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎರಡನೆಯ ಸಂಜೆ ನನಗೊಂದು ಅನುಮಾನ ಬಂತು. ಆಕೆಯ ಕಣ್ಣು ಎದುರಿನ ಗೋಡೆಯ ಮೇಲಿರುತ್ತಿತ್ತು, ನನ್ನ ಕಣ್ಣು ಆಕೆಯ ಪಾದದ ಮೇಲೆ. ನಾನು ನಿಧಾನವಾಗಿ ಹೇಳಿದಾಗ ಎಲ್ಲ ಸರಿಯಾಗಿಯೇ ಮಾಡುತ್ತಿದ್ದಳು. ಗಾಬರಿಯಾಗುವಂತೆ ಒಮ್ಮೆಲೇ ಚೀರಿದರೆ ಮಾತ್ರ, ಎಡವೆಂದರೂ ಬಲವೆಂದರೂ, ಮೊದಲು ಒತ್ತುತ್ತಿದ್ದದ್ದು 'ಬ' ಬರೆದ ಟೇಪನ್ನೇ. ಎಡಕ್ಕೆ ತಿರುಗಿದಾಗ ಅದು ಸರಿ. ಬಲಕ್ಕೆ ತಿರುಗಿದಾಗ ತಪ್ಪು. ಆದರೆ ತಪ್ಪುತ್ತಿರುವುದು ಆಕೆಯೋ, ಎದುರು ಕೂತ ನಾನೋ? ಮಾಸ್ತರಿಗೇ ಕಾಣದ್ದು ನನಗೆ ಕಂಡೀತೇ? ಮತ್ತೆ ಅವರೆಕಾಯಿ ಸುಲಿಯತೊಡಗಿದೆ.

ಬುಧವಾರ ಬೆಳಿಗ್ಗೆ ಎಂದಿನಂತೆ ಆಕೆಯನ್ನು ಬಾಗಿಲವರೆಗೆ ಕಳಿಸಲು ಹೋದೆ. ಎಂದಿನಂತೆ ಹೇಳಿದೆ, "ಬಲಗಾಲಿಟ್ಟು ಹೋಗವ್ವಾ." ಆಕೆ ತುಟಿಯೊಳಗೇ ಬಿಸ್ಮಿಲ್ಲಾ ಎಂದು ಬಲಗಾಲು ಹೊರಗಿಟ್ಟಳು. ಆ ಕಾಲು ನೋಡಿದವಳೇ ಚೌಕಟ್ಟು ಹಿಡಿದು ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಆಕೆಯ ಮನೆಯಲ್ಲೂ ಅದನ್ನೇ ಕಲಿಸಿದ್ದರು, ನಮ್ಮಲ್ಲೂ ಅದನ್ನೇ. ಎಷ್ಟೋ ವಿಷಯದಲ್ಲಿ ಅವರ ರೀತಿ ಬೇರೆ, ನಮ್ಮದು ಬೇರೆ. ಇದೊಂದರಲ್ಲಿ ಇಬ್ಬರದೂ ಒಂದೇ. ಹೆದರಿಕೆಯಾದಾಗ ಮೈ ತಾನಾಗಿಯೇ ಮೊದಲು ಕಲಿತದ್ದನ್ನೇ ಮಾಡುತ್ತದೆ. ಅದನ್ನು ದಿನಾ ಬೆಳಿಗ್ಗೆ ಗಟ್ಟಿ ಮಾಡಿ ಕಳಿಸುತ್ತಿದ್ದವಳು ನಾನು. ಒಳ್ಳೆಯದಾಗಲೆಂದು ಹೇಳಿದ ಮಾತು ಆಕಾಶದಲ್ಲಿ ಆಕೆಯನ್ನು ಬೀಳಿಸುತ್ತಿತ್ತೇ... ದಿನವಿಡೀ ನಿಮ್ಮಲ್ಲಿ ದೊಡ್ಡವನನ್ನು ಎತ್ತಿಕೊಂಡು ಒಳಗೂ ಹೊರಗೂ ತಿರುಗಾಡಿದೆ.

ಸಂಜೆ ಹೇಗೋ ಹೇಳಿದೆ. ಆಕೆಗೆ ಸಿಟ್ಟು ಬಂತು.

"ಅಂದ್ರ ನಿಮ್ಮ ದೇವರು, ನಮ್ಮ ದೇವರು ಕೂಡಿ ನನ್ನ ಫೇಲ್ ಮಾಡ್ಯಾರೇನ್ರೀ?"

"ದೇವರ ಮಾತಲ್ಲ ತಂಗಿ. ಕಾಲಿನ ಮಾತು. ಈ ಸಲ ಗೋಡೆ ನೋಡಬ್ಯಾಡ, ಕಾಲು ನೋಡಿಕೋ."

ನಾನು ಚೀರಿದೆ. ಬಲಗಾಲು ಹೋಯಿತು. ಮತ್ತೆ ಚೀರಿದೆ. ಮತ್ತೆ ಬಲಗಾಲೇ. ಆಕೆ ತನ್ನ ಪಾದವನ್ನು ಬೇರೆ ಯಾರದೋ ಎಂಬಂತೆ ನೋಡಿದಳು. "ಹೌದಲ್ರೀ..." ಎಂದಳು, ಬಹಳ ಸಣ್ಣ ದನಿಯಲ್ಲಿ. ಆಮೇಲೆ ನಿಮ್ಮಮ್ಮ ಊಟಕ್ಕೆ ಕರೆಯುವವರೆಗೂ ನಾನು ಬರೀ ಒಂದೇ ಮಾತು ಚೀರಿದೆ. "ಬಲಕ್ಕ ತಿರುಗ್ತು, ಎಡಗಾಲು! ಬಲಕ್ಕ ತಿರುಗ್ತು, ಎಡಗಾಲು!" ಗಂಟಲು ಹರಿದುಹೋಯಿತು.

ಗುರುವಾರ ಬೆಳಿಗ್ಗೆ ಆಕೆಯ ಜೊತೆಗಾತಿ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, "ಇವತ್ತೊಂದಿನ ಎಡಗಾಲಿಟ್ಟು ಹೋಗು," ಎಂದೆ. ನಮ್ಮ ಕಡೆ ಎಡಗಾಲಿಟ್ಟು ಮನೆ ಬಿಡುವುದೆಂದರೆ... ಆಕೆ ಎಡಗಾಲು ಎತ್ತಿದಳು, ಕೊಕ್ಕರೆಯ ಹಾಗೆ ನಿಂತಳು, ಇಳಿಸಿದಳು.

"ಆಗವಲ್ದು ರೀ ಅವ್ವಾರ."

"ನನಗೂ ನೋಡಾಕ ಆಗವಲ್ದು."

ಕಾರಿನವಳು ಹಾರ್ನ್ ಹೊಡೆದಳು. ಆಕೆ ಬ್ಯಾಗನ್ನು ಎದೆಗೆ ಅವಚಿಕೊಂಡು, ಎರಡೂ ಕಾಲು ಜೋಡಿಸಿ, ಕಪ್ಪೆಯ ಹಾಗೆ ಹೊಸ್ತಿಲಿನಾಚೆಗೆ ಜಿಗಿದಳು. ಇಬ್ಬರೂ ನಕ್ಕೆವು. ಕಾರು ತಿರುವು ದಾಟಿ ಮರೆಯಾದ ಮೇಲೆ ನನಗೆ ಅಳು ಬಂತು.

ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ದೂರದ ಬಯಲಿನ ಮೇಲೆ ಸಣ್ಣದೊಂದು ವಿಮಾನ ಮೇಲೇರುವುದು ಕಂಡಿತು. ಸದ್ದು ಅಡಗಿತು. ಮೂತಿ ಮೇಲಾಯಿತು, ಒಂದು ರೆಕ್ಕೆ ಜಾರಿತು, ತಿರುಗುತ್ತ ಬೀಳತೊಡಗಿತು. ಆಕೆಯದೇ ಎಂದು ಹೇಗೆ ಹೇಳಲಿ? ಯಾವ ದಿಕ್ಕಿಗೆ ತಿರುಗುತ್ತಿದೆ ಎಂಬುದೂ ತಿಳಿಯಲಿಲ್ಲ. ಮೇಲಿನವರಿಗೆ ಬಲವಾದದ್ದು ಕೆಳಗಿನವರಿಗೆ ಎಡವಾಗುತ್ತದೆಯೇ? ಒದ್ದೆ ಲುಂಗಿ ಹಿಡಿದುಕೊಂಡೇ ಹುಲ್ಲಿನ ಮೇಲೆ ಎಡಗಾಲು ಒತ್ತಿದೆ. ಅನುಮಾನ ಬಂದು ಬಲಗಾಲು ಒತ್ತಿದೆ. ಮತ್ತೆ ಎಡಗಾಲು. ಅಷ್ಟರಲ್ಲಿ ವಿಮಾನ ನೆಟ್ಟಗಾಗಿ ಸದ್ದು ಮಾಡುತ್ತ ಹೊರಟುಹೋಯಿತು.

ಮಧ್ಯಾಹ್ನ ಆಕೆ ಬಂದಳು. ಬೂಟು ಬಿಚ್ಚದೆ ಅಡುಗೆಮನೆಗೆ ಬಂದು ನಿಂತಳು.

"ಆತ್ರೀ ಅವ್ವಾರ."

ಮೂರು ಸಲ ಬಲಕ್ಕೆ ಬೀಳಿಸಿದರಂತೆ. ಮೊದಲನೆಯ ಸಲ ಹಾಳು ಬಲಗಾಲೇ ಮುಂದೆ ಹೋಯಿತಂತೆ. ಆಗ ಕಿವಿಯಲ್ಲಿ ನನ್ನ ಚೀರಾಟ ಕೇಳಿ ಕಾಲು ಬದಲಿಸಿದಳಂತೆ. ಇನ್ನೆರಡು ಸಲ ತಪ್ಪಲಿಲ್ಲ. ಏನು ಮಾಡಿದೆ ಎಂದು ಮಾಸ್ತರು ಕೇಳಿದರೆ, ನಮ್ಮ ಮನೆಯಲ್ಲಿ ಇನ್ನೊಬ್ಬ ಸರ್ ಇದ್ದಾರೆ ಎಂದಳಂತೆ. ಇದರಲ್ಲಿ ಎಷ್ಟು ನಿಜವೋ, ಎಷ್ಟು ನನ್ನ ಖುಷಿಗೆ ಹೇಳಿದ್ದೋ, ಗೊತ್ತಿಲ್ಲ. ಆ ದಿನ ನಾನು ಶಾವಿಗೆ ಪಾಯಸ ಮಾಡಿದೆ.

ಆಕೆ ಪಾಸಾಗಲೆಂದು ಎಷ್ಟು ದೇವರಿಗೆ ಕೈಮುಗಿದಿದ್ದೆನೋ. ಪಾಸಾದರೆ ಹೊರಟುಹೋಗುತ್ತಾಳೆ ಎಂಬುದು ಮಾತ್ರ ನನಗೆ ಹೊಳೆದೇ ಇರಲಿಲ್ಲ. ಮೂರೇ ತಿಂಗಳಲ್ಲಿ ಮುಂದಿನ ತರಬೇತಿಗೆಂದು ಈ ದೇಶದ ದಕ್ಷಿಣಕ್ಕಿರುವ ಡನೀಡಿನ್ ಕಡೆಗೆ ಹೋದಳು. ಮೊದಲು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಆಮೇಲೆ ರಂಜಾನಿಗೆ, ದೀಪಾವಳಿಗೆ. ಆಮೇಲೆ ಅದೂ ನಿಂತಿತು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನಾನೇ ಧೈರ್ಯ ಮಾಡಿ ಆಕೆಯ ನಂಬರ್ ಒತ್ತಿದೆ. ಒಬ್ಬ ಗಂಡಸು ಫೋನ್ ಎತ್ತಿ "ಹಲೋ" ಎಂದ. ಅವನು ಮತ್ತೊಮ್ಮೆ "ಹಲೋ" ಎಂದ. ಹಿಂದೆ ಎಲ್ಲೋ ಒಳಗಿನಿಂದ ಒಬ್ಬ ಹೆಣ್ಣುಮಗಳು ಅವನನ್ನು ಏನೋ ಕೇಳಿದಳು. ಯಾರದು ಎಂದು ಕೇಳಿರಬೇಕು. ಆಕೆಯ ಹೆಸರು ನನ್ನ ಬಾಯಿಯ ತುದಿಯಲ್ಲೇ ಇತ್ತು. ಅದೊಂದನ್ನು ಅಂದಿದ್ದರೆ ಸಾಕಿತ್ತು. ನಾನು ಫೋನ್ ಇಟ್ಟುಬಿಟ್ಟೆ. ನಾಳೆ ಮಾಡೋಣ ಎಂದುಕೊಂಡೆ, ನಾಡಿದ್ದು ಎಂದುಕೊಂಡೆ...

ಈ ವಾರ ನಿಮ್ಮಪ್ಪನಿಗೆ ಹೇಳಿ ಹಳೆಯ ಡೈರಿಯಲ್ಲಿದ್ದ ಆ ನಂಬರಿಗೆ ಫೋನ್ ಮಾಡಿಸಿದೆ. ಅದು ಈಗ ಯಾರದೂ ಅಲ್ಲವಂತೆ. ಆಕೆ ಈಗಲೂ ಹಾರುತ್ತಾಳೋ, ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ನನಗೆ ತಿಳಿಯದು. ಅವತ್ತು ಒಳಗಿನಿಂದ ಕೇಳಿದ ದನಿ ಆಕೆಯದೇ ಇತ್ತೋ ಏನೋ, ಎಷ್ಟು ಯೋಚಿಸಿದರೂ ಹೇಳಲಾರೆ.